ಹೆಣ್ಣಿನ ಮನೆ ಯಾವುದು? ‘ಹದಿಬದೆಯ ಧರ್ಮ’ವನ್ನು ಕುರಿತ ಒಂದು ವಿಚಾರ

೧

ಕನ್ನಡದಲ್ಲಿ ‘ಮನೆ’ ಎಂಬ ಮಾತು ಗಂಡಸಿನ ವಿಷಯದಲ್ಲಿ ಬಂದಾಗ ಬೇರೊಂದು ವಿಶೇಷಣವನ್ನು ಅಪೇಕ್ಷಿಸುವುದಿಲ್ಲ. ಅವನು ಹುಟ್ಟಿದುದೂ ಮನೆ, ಬೆಳೆದುದೂ ಮನೆ, ಬಾಳಿ ಮುಗಿಯುವುದೂ ಅದೇ ಮನೆ. ಹೆಂಡತಿಯ ತವರಿನಲ್ಲಿ ನೆಲಸಿದವನಿಗೆ ಮಾತ್ರ ‘ಮನೆಯಳಿಯ’ ಎಂಬ ಬೇರೆ ಹೆಸರು ಹುಟ್ಟಿದೆ. ಆ ಹೆಸರಿನಲ್ಲಿ ಬೆರೆತಿರುವ ಹಾಸ್ಯವೇ ಅದು ಲೋಕರೂಢಿಗೆ ಹೊರತಾದ ಸ್ಥಿತಿಯೆಂಬುದನ್ನು ತಿಳಿಸುತ್ತದೆ. ಹೆಣ್ಣಿನ ವಿಷಯದಲ್ಲಾದರೋ ತವರುಮನೆ, ಅತ್ತೆಯ ಮನೆ, ಗಂಡನ ಮನೆ, ಅಣ್ಣನ ಮನೆ, ಮಗನ ಮನೆ ಎಂದು ಪ್ರತಿಯೊಂದು ಮನೆಗೂ ಒಂದು ವಿಶೇಷಣ ಬಂದೇ ಬರುತ್ತದೆ. ಮನೆವಾರ್ತೆಯನ್ನೆಲ್ಲ ಹೊತ್ತು ನಡೆಸುವವಳು ಅವಳು. ಆದರೆ ಮನೆ ಮಾತ್ರ ಮಾತಿನಲ್ಲಿ ಮತ್ತೊಬ್ಬರದು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಂತೆ ಹೆಣ್ಣಿನ ಬಳಿಯಲ್ಲಿ ಮನೆತನ ಇಳಿದುಬಂದ ಕಡೆಗಳನ್ನು ಬಿಟ್ಟರೆ, ಕನ್ನಡ ನಾಡಿನ ಬಹುಭಾಗದಲ್ಲಿ ಇದೇ ರೂಢಿ.

ಈ ಭಾಷಾರೂಢಿಯ ಹಿಂದೆ ಒಂದು ಧರ್ಮಶಾಸ್ತ್ರವೂ ಇದೆ. ಬಾಲ್ಯದಲ್ಲಿ ತಂದೆ, ಯೌವನದಲ್ಲಿ ಪತಿ, ಮುಪ್ಪಿನಲ್ಲಿ ಮಕ್ಕಳು ಹೆಣ್ಣನ್ನು ಕಾಯಬೇಕೆಂದು ವಿಧಿಸುವ ಮನುವಿನ ವಚನ ಎಲ್ಲರಿಗೂ ಪರಿಚಿತವಾದುದು. ಮೂರು ವಯಸ್ಸುಗಳಿಗೆ ಮೂವರು ರಕ್ಷಕರು. ಎಂದರೆ ಮೂರು ಮನೆಗಳು. ಕಾಳಿದಾಸನ ಕಣ್ವನು ಶಕುಂತಲೆಯನ್ನು ಬೀಳ್ಕೊಟ್ಟ ಮೇಲೆ, ಒತ್ತೆಯಿಟ್ಟ ಪದಾರ್ಥವನ್ನು ಒಡೆಯನಿಗೆ ಹಿಂದಿರುಗಿಸಿದವನಂತೆ ಹಗುರಾಗುತ್ತಾನೆ. ಮಗಳು ಪರರ ಸೊತ್ತು ಎಂಬುದು ಅವನಂಥ ತಪಸ್ವಿಗೂ ಸಮಾಧಾನವನ್ನು ತಂದ ಮಾತು. ಆದರೆ ನಿಕ್ಷೇಪವಾಗಿ ಇಟ್ಟ ಪದಾರ್ಥಕ್ಕೆ ಅದನ್ನು ಇಟ್ಟ ಮನೆಯಲ್ಲಿ ಯಾವ ಅಧಿಕಾರವಿದ್ದೀತು? ಶಕುಂತಲೆಯೊಬ್ಬಳ ಕಥೆಗೆ ಮಾತ್ರ ಸಲ್ಲುವ ಪ್ರಶ್ನೆ ಇದಲ್ಲ. ಕನ್ನಡ ಸಾಹಿತ್ಯದಲ್ಲಿ ಹೆಣ್ಣು ತಾನೇ ಬಾಯ್ದೆರೆದು ಮಾತನಾಡಿದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಎದ್ದುಬಂದಿದೆ.

ಇದಕ್ಕೆ ಅತ್ಯಂತ ನೇರವಾದ ಉತ್ತರ ದೊರೆಯುವುದು ಅದನ್ನು ಯಾರೂ ನಿರೀಕ್ಷಿಸದ ಗ್ರಂಥದಲ್ಲಿ. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವನ್ನು ಪಾತಿವ್ರತ್ಯದ ಬೋಧೆಯೆಂದು ಮೆಚ್ಚುವವರೂ ಉಂಟು, ಅದೇ ಕಾರಣಕ್ಕಾಗಿ ದೂರವಿಡುವವರೂ ಉಂಟು. ಇಬ್ಬರೂ ಅದನ್ನು ಗಂಡನ ಮನೆಯ ಗ್ರಂಥವೆಂದೇ ಭಾವಿಸಿದ್ದಾರೆ. ಅದು ಅಷ್ಟೇ ಮಟ್ಟಿಗೆ ತವರುಮನೆಯನ್ನು ಉದ್ದೇಶಿಸಿದ ಗ್ರಂಥವೂ ಹೌದೆಂಬುದು ಇಲ್ಲಿ ವಿಚಾರಾರ್ಹವಾದ ಅಂಶ. ಅದನ್ನು ಸ್ಪಷ್ಟಪಡಿಸಿಕೊಳ್ಳಲು ಹೊನ್ನಮ್ಮನಿಗಿಂತ ಹಿಂದಿನ ಕೆಲವು ಸಂಗತಿಗಳನ್ನು ಮೊದಲು ನೋಡುವುದು ಉಚಿತ.

೨

ಹತ್ತನೆಯ ಶತಮಾನದ ಅತ್ತಿಮಬ್ಬೆಯ ಚರಿತ್ರೆ ಕನ್ನಡಿಗರಿಗೆ ಪ್ರಿಯವಾದುದು. ಕವಿಚಕ್ರವರ್ತಿ ರನ್ನನು ಕ್ರಿ. ಶ. ೯೯೩ರಲ್ಲಿ ಈಕೆಯ ಆಶ್ರಯದಲ್ಲಿ ‘ಅಜಿತಪುರಾಣ’ವನ್ನು ರಚಿಸಿ ಈಕೆಯ ಕೀರ್ತಿಯನ್ನು ಶಾಶ್ವತಗೊಳಿಸಿದನು, ೧೦೦೭ರ ಲಕ್ಕುಂಡಿಯ ಶಾಸನವೂ ಈಕೆಯನ್ನು ಕೊಂಡಾಡುತ್ತದೆ. ಅತ್ತಿಮಬ್ಬೆಯೂ ತಂಗಿ ಗುಂಡಮಬ್ಬೆಯೂ ನಾಗದೇವನೆಂಬ ಒಬ್ಬನೇ ವೀರನ ಕೈಹಿಡಿದವರು. ನಾಗದೇವನು ಯುದ್ಧದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನ ಪೋಷಣೆಗಾಗಿ ಉಳಿದಳು. ಒಂದೇ ತವರಿನಿಂದ ಹೊರಟು ಒಂದೇ ಮನೆಯನ್ನು ಹೊಕ್ಕ ಅಕ್ಕತಂಗಿಯರು ಎರಡು ಬೇರೆ ದಾರಿ ಹಿಡಿದರು. ಕವಿ ಇಬ್ಬರನ್ನೂ ಗೌರವಿಸಿದರೂ ನಾಡು ‘ದಾನಚಿಂತಾಮಣಿ’ಯೆಂದು ನೆನೆದುದು ಉಳಿದವಳನ್ನು.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸರ್ವವಿದಿತ. ಆದರೆ ಸಾವಿರ ಪ್ರತಿಗಳಿಗೆ ಆ ಗ್ರಂಥವನ್ನೇ ಏಕೆ ಆರಿಸಿದಳೆಂದು ಕೇಳುವವರು ವಿರಳ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪನೂ ಅವನ ತಮ್ಮ ಪುನ್ನಮಯ್ಯನೂ; ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಅವರು ಅದನ್ನು ಮಾಡಿಸಿದರು. ಅಂದರೆ ಅದು ಅತ್ತಿಮಬ್ಬೆಯ ತವರಿನಲ್ಲಿ ಹುಟ್ಟಿದ ಗ್ರಂಥ. ತಂದೆಯ ಮನೆಯ ಕೃತಿ ಓಲೆಯೊಡನೆ ಅಳಿದುಹೋಗದಂತೆ ಕಾಪಾಡಿದವಳು ಆ ಮನೆಯನ್ನು ಬಿಟ್ಟುಬಂದ ಮಗಳು. ‘ಪರರ ಸೊತ್ತು’ ಎನ್ನಿಸಿಕೊಂಡವಳು ತವರಿನ ಪುಣ್ಯವನ್ನು ಸಾವಿರ ಮಡಿಯಾಗಿ ಬೆಳೆಯಿಸಿದ ಈ ನಿದರ್ಶನವನ್ನು ಹೊನ್ನಮ್ಮನ ವಾದವನ್ನು ಪರಿಶೀಲಿಸುವಾಗ ಮರೆಯಬಾರದು.

ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಇದೇ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಕಾಣುತ್ತವೆ. ಉಡುತಡಿಯ ಮಹಾದೇವಿಯಕ್ಕನು ಮನೆಯನ್ನೇ ತೊರೆದವಳು. ಕೌಶಿಕನೊಡನೆ ಆಕೆಯ ಮದುವೆ ನಡೆಯಿತೋ ಇಲ್ಲವೋ ಎಂಬಲ್ಲಿ ಹರಿಹರನಿಗೂ ಅನಂತರದ ಕವಿಗಳಿಗೂ ಐಕಮತ್ಯವಿಲ್ಲ. ಆದರೆ ತವರನ್ನೂ ಅರಮನೆಯನ್ನೂ ಬಿಟ್ಟು ಆಕೆ ಶ್ರೀಶೈಲಕ್ಕೆ ನಡೆದಳೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೀಗೆ ಮನೆಯನ್ನು ತೊರೆದವಳ ವಚನಗಳಲ್ಲಿ ಮನೆಯ ನಂಟುಗಳ ಭಾಷೆಯೇ ತುಂಬಿರುವುದು ಗಮನಾರ್ಹ. ಮಾಯೆಯನ್ನು ಅತ್ತೆಯಾಗಿಯೂ ಸಂಸಾರವನ್ನು ಮಾವನಾಗಿಯೂ ರೂಪಿಸಿ, ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದಳು. ಅತ್ತೆಯ ಮನೆಯ ಇಕ್ಕಟ್ಟನ್ನು ಬಲ್ಲವರಿಗೆ ಮಾತ್ರ ಈ ರೂಪಕದ ಹರಿತ ತಿಳಿಯುವಂತಿದೆ.

ಮನೆಯಲ್ಲಿಯೇ ಉಳಿದ ಶರಣೆಯರ ದಾರಿ ಬೇರೆ. ಆಯ್ದಕ್ಕಿ ಲಕ್ಕಮ್ಮನ ಗಂಡ ಮಾರಯ್ಯನು ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದವಳು ಲಕ್ಕಮ್ಮ. ಇಷ್ಟು ನಿಷ್ಠುರವಾಗಿ ಗಂಡನನ್ನು ತಿದ್ದಿದವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮಾರಯ್ಯನ ಅಂಕಿತವಾದ ‘ಅಮರೇಶ್ವರಲಿಂಗ’ಕ್ಕೆ ಅವನ ಹೆಸರನ್ನೇ ಸೇರಿಸಿಕೊಂಡ ಅಂಕಿತವದು. ಮೋಳಿಗೆಯ ಮಹಾದೇವಿಯ ಅಂಕಿತವೂ ಗಂಡನ ‘ನಿಃಕಳಂಕ ಮಲ್ಲಿಕಾರ್ಜುನ’ವನ್ನು ಒಳಗೊಂಡದ್ದು. ಅರಿವಿನಲ್ಲಿ ಗಂಡನಿಗಿಂತ ಮುಂದಿದ್ದ ಹೆಂಡತಿಯೂ ತನ್ನ ದೇವರನ್ನು ಗಂಡನ ಮೂಲಕವೇ ಹೆಸರಿಸಿದಳೆಂಬುದು ಆಗಿನ ಗೃಹಸ್ಥಜೀವನದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಹೀಗೆ ಒಬ್ಬಳು ಎರಡು ಮನೆಗಳನ್ನೂ ಬಿಟ್ಟಳು. ಉಳಿದವರು ಗಂಡನ ಮನೆಯ ಒಳಗೆ ನಿಂತು ಅದನ್ನು ತಿದ್ದಿದರು. ಹೆಣ್ಣುಮಗುವಿನ ವಿಷಯದಲ್ಲಿ ಹೆತ್ತವರ ಕರ್ತವ್ಯವೇನೆಂದು ತವರುಮನೆಯನ್ನೇ ಕರೆದು ಕೇಳುವ ಮಾತಿಗೆ ಇನ್ನೂ ಐದು ಶತಮಾನಗಳು ಕಾಯಬೇಕಾಯಿತು.

೩

ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಆಸ್ಥಾನ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಒಂದು ವಿಶಿಷ್ಟ ಘಟ್ಟ. ತಿರುಮಲಾರ್ಯ, ಚಿಕ್ಕುಪಾಧ್ಯಾಯ, ಸಿಂಗರಾರ್ಯ ಮೊದಲಾದ ವಿದ್ವಾಂಸರು ಶ್ರೀರಂಗಪಟ್ಟಣದಲ್ಲಿ ನೆರೆದಿದ್ದ ಕಾಲ ಅದು. ಅರಸನಿಗೂ ಎಳಂದೂರಿಗೂ ನಿಕಟವಾದ ನಂಟಿತ್ತು: ಪಟ್ಟದರಸಿ ದೇವಾಜಮ್ಮಣ್ಣಿ ಎಳಂದೂರಿನ ಪ್ರಭುಮನೆತನದ ಮಗಳು, ಮಂತ್ರಿ ವಿಶಾಲಾಕ್ಷಪಂಡಿತನೂ ಎಳಂದೂರಿನವನೇ. ಹೊನ್ನಮ್ಮನೂ ಅದೇ ಊರಿನವಳು. ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಿಂದ ಆಕೆಗೆ ‘ಸಂಚಿಯ ಹೊನ್ನಮ್ಮ’ ಎಂಬ ಹೆಸರು ಬಂದಿತು. ‘ಮಿತ್ರವಿಂದಾಗೋವಿಂದ’ವೆಂಬ ನಾಟಕವನ್ನು ರಚಿಸಿದ ಸಿಂಗರಾರ್ಯನೇ ಆಕೆಗೆ ವಿದ್ಯಾಗುರು, ಆಕೆ ಆತನನ್ನು ಅಳಸಿಂಗರಾರ್ಯನೆಂದು ಭಕ್ತಿಯಿಂದ ನೆನೆಯುತ್ತಾಳೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂಲಕ ಆಧುನಿಕ ವಾಚಕರಿಗೆ ಈಕೆಯ ಪರಿಚಯ ವಿಶೇಷವಾಗಿ ಆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಾಣಿಗೂ ಊಳಿಗದವಳಿಗೂ ತವರೂರು ಒಂದೇ. ಒಬ್ಬಳು ಅರಮನೆಗೆ ಸೊಸೆಯಾಗಿ ಬಂದವಳು. ಮತ್ತೊಬ್ಬಳು ಸೇವೆಗಾಗಿ ಬಂದವಳು. ಒಬ್ಬಳಿಗೆ ಅದು ಗಂಡನ ಮನೆ. ಮತ್ತೊಬ್ಬಳಿಗೆ ಒಡತಿಯ ಮನೆ. ರಾಣಿಯ ಪ್ರೇರಣೆಯಿಂದ, ಅರಸನ ಅಪ್ಪಣೆಯಂತೆ ಈ ಕಾವ್ಯ ಹುಟ್ಟಿತೆಂದು ಪೀಠಿಕೆಯಿಂದ ತಿಳಿಯುತ್ತದೆ. ಸ್ತ್ರೀಧರ್ಮವನ್ನು ಕುರಿತು ಬರೆಯಬಲ್ಲ ಪಂಡಿತರು ಆಸ್ಥಾನದಲ್ಲಿ ಸಾಕಷ್ಟು ಮಂದಿ ಇದ್ದರು. ಆದರೂ ಕೆಲಸ ಬಂದುದು ಸಂಚಿಯವಳ ಪಾಲಿಗೆ. ಪಶ್ಚಿಮರಂಗನಾಥನ ಸನ್ನಿಧಿಯಲ್ಲಿ, ಒಂದೇ ಊರಿನ ಇಬ್ಬರು ಹೆಣ್ಣುಮಕ್ಕಳ ನಡುವಣ ವಿಶ್ವಾಸದಲ್ಲಿ ಮೂಡಿದ ಗ್ರಂಥವಿದು ಎಂದರೆ ಅತಿಶಯೋಕ್ತಿಯಾಗಲಾರದು.

‘ಹದಿಬದೆ’ ಎಂಬುದು ‘ಪತಿವ್ರತೆ’ಯ ತದ್ಭವ. ಹೆಸರೇ ಸೂಚಿಸುವಂತೆ ಸ್ಮೃತಿ ಪುರಾಣ ಇತಿಹಾಸಗಳ ಬೋಧೆಯನ್ನು ತಿಳಿಗನ್ನಡದಲ್ಲಿ ಹೇಳುವುದು ಕಾವ್ಯದ ಹವಣು. ಒಂಬತ್ತು ಸಂಧಿಗಳ ಈ ಕೃತಿ ಸಾಂಗತ್ಯದಲ್ಲಿದೆ. ಸಾಂಗತ್ಯ ಹಾಡಿಗೆ ಒಗ್ಗುವ ಛಂದಸ್ಸು. ಪಂಡಿತರ ಓಲೆಯಿಂದ ಹೆಂಗಸರ ಬಾಯಿಗೆ ಇಳಿಯಬಲ್ಲದ್ದು. ಗಂಡನಲ್ಲಿ ಭಕ್ತಿ, ಅತ್ತೆಮಾವಂದಿರ ಸೇವೆ, ಮನೆವಾರ್ತೆಯ ನಿರ್ವಾಹ, ನಡೆನುಡಿಗಳ ಹದ ಇವೆಲ್ಲ ಅಲ್ಲಿ ನಿರೂಪಿತವಾಗಿವೆ. ಈ ಬೋಧೆ ವಿಧೇಯತೆಯ ಬೋಧೆಯೇ. ಅದನ್ನು ಮುಚ್ಚಿಟ್ಟು ಹೊನ್ನಮ್ಮನನ್ನು ಇಂದಿನ ವಿಚಾರಗಳ ಪ್ರತಿಪಾದಕಿಯೆಂದು ತೋರಿಸಲು ಯತ್ನಿಸುವುದು ಸತ್ಯಕ್ಕೆ ಅಪಚಾರವಾದೀತು. ಅರಮನೆಯ ಅಪ್ಪಣೆಯಂತೆ ಬರೆಯುವವಳಿಂದ ಅದಕ್ಕಿಂತ ಬೇರೆಯದನ್ನು ಬಯಸುವುದೂ ನ್ಯಾಯವಲ್ಲ.

ಆದರೆ ಧರ್ಮವೆಂಬುದು ಒಬ್ಬರಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಸೊಸೆಗೆ ಕರ್ತವ್ಯವಿರುವುದಾದರೆ ಅವಳನ್ನು ಹೆತ್ತವರಿಗೂ ಇರಬೇಕು. ಹೊನ್ನಮ್ಮನ ಕಾವ್ಯ ಈ ತರ್ಕವನ್ನು ಹಿಡಿದು ತವರಿನ ಬಾಗಿಲಿಗೆ ಬರುತ್ತದೆ. ಕನ್ನಡಿಗರ ನೆನಪಿನಲ್ಲಿ ಬಹುಕಾಲದಿಂದ ನಿಂತಿರುವ ಎರಡು ಪದ್ಯಗಳು ಇಲ್ಲಿಗೆ ಸಂಬಂಧಿಸಿದವು. ಅವುಗಳ ಪ್ರಸಿದ್ಧಿಯೇ ಅವುಗಳ ತರ್ಕವನ್ನು ಮರೆಮಾಡಿದೆ. ಬಿಡಿಸುಭಾಷಿತಗಳಂತೆ ಉದಾಹರಿಸಲ್ಪಡುವ ಅವು ವಾಸ್ತವವಾಗಿ ಒಂದೇ ವಾದದ ಎರಡು ಅಂಗಗಳು.

ಮೊದಲನೆಯದು ಹೆಣ್ಣನ್ನು ಹೀಗಳೆಯುವವರಿಗೆ ಹಾಕಿದ ಪ್ರಶ್ನೆ. ಅವರನ್ನು ಹೆತ್ತ ತಾಯಿ ಯಾರು, ಸಲಹಿ ಬೆಳೆಸಿದವಳು ಯಾರು ಎಂದು ಕೇಳಿ, ಇಷ್ಟನ್ನೂ ಕಾಣಲಾರದವರ ಅವಿವೇಕವನ್ನು ಕಟುವಾಗಿ ಖಂಡಿಸುತ್ತದೆ. ಎರಡನೆಯದು ಗಂಡುಮಗುವಿನಿಂದ ಬರುವ ಹೆಚ್ಚಿನ ಗುಣವೇನು, ಹೆಣ್ಣುಮಗುವಿನಿಂದ ಉಂಟಾಗುವ ಕೊರತೆಯೇನು ಎಂದು ಕೇಳಿ, ಇಬ್ಬರಲ್ಲಿ ಯಾರು ಏಳಿಗೆಗೊಂಡರೂ ಅವರಿಂದಲೇ ಇಹಪರಗಳ ಸುಖ ಸಿದ್ಧಿಸುವುದೆಂದು ತೀರ್ಮಾನಿಸುತ್ತದೆ. ಮೊದಲನೆಯ ಪದ್ಯ ಗಂಡಸನ್ನು ಮಗನನ್ನಾಗಿ ಭಾವಿಸಿ ಮಾತನಾಡುತ್ತದೆ. ಎರಡನೆಯದು ಅವನನ್ನು ತಂದೆಯನ್ನಾಗಿ ಭಾವಿಸಿ ಮಾತನಾಡುತ್ತದೆ. ಮೊದಲನೆಯದು ಋಣದ ವಾದ, ಎರಡನೆಯದು ಫಲದ ವಾದ. ತಾನು ಹುಟ್ಟಿಬಂದ ದಾರಿಯನ್ನೂ ತನ್ನ ಮುಂದಿನ ಗತಿಯನ್ನೂ ತೋರಿಸಿ, ಎರಡು ಕಡೆಯಿಂದಲೂ ಅವನಿಗೆ ತಪ್ಪಿಸಿಕೊಳ್ಳಲು ಎಡೆಯಿಲ್ಲದಂತೆ ಮಾಡಿದ ಈ ಯುಕ್ತಿ ತರ್ಕಪಟುಗಳಾದ ಪಂಡಿತರಿಗೂ ಮೆಚ್ಚುಗೆಯಾಗತಕ್ಕದ್ದು.

ಎರಡನೆಯ ವಾದದ ಬೆಲೆ ತಿಳಿಯಬೇಕಾದರೆ ಅದು ಎದುರಿಸಿ ನಿಂತ ಶಾಸ್ತ್ರವಚನವನ್ನು ನೆನೆಯಬೇಕು. ‘ಪುತ್’ ಎಂಬ ನರಕದಿಂದ ತಂದೆಯನ್ನು ಪಾರುಮಾಡುವುದರಿಂದ ಮಗನಿಗೆ ‘ಪುತ್ರ’ನೆಂಬ ಹೆಸರಾಯಿತೆಂದು ಮನುಸ್ಮೃತಿ ನಿರ್ವಚನ ಮಾಡುತ್ತದೆ. ಪರಲೋಕದ ಸುಖ ಮಗನಿಂದ ಎಂಬ ನಂಬಿಕೆ ಗಂಡುಮಗುವಿನ ಹಂಬಲಕ್ಕೆಲ್ಲ ತಳಹದಿ. ಹೊನ್ನಮ್ಮ ಆ ನಂಬಿಕೆಯನ್ನು ನೇರವಾಗಿ ಅಲ್ಲಗಳೆಯಲಿಲ್ಲ; ಅದರ ಹೆಸರನ್ನೂ ಎತ್ತಲಿಲ್ಲ. ಇಹಪರಗಳ ಸುಖಕ್ಕೆ ಕಾರಣ ಮಗುವಿನ ಏಳಿಗೆಯೇ ಹೊರತು ಲಿಂಗವಲ್ಲ ಎಂದಷ್ಟೇ ಹೇಳಿದಳು. ಅಷ್ಟರಿಂದಲೇ ಇಡೀ ಕಟ್ಟಡದ ಅಸ್ತಿವಾರ ಅಲುಗಿತು. ಕಣ್ವನಿಗೆ ಮಗಳು ನಿಕ್ಷೇಪ. ಹೊನ್ನಮ್ಮನಿಗೆ ಅವಳು ಫಲ. ನಿಕ್ಷೇಪವನ್ನು ಹಿಂದಿರುಗಿಸಿದ ಮೇಲೆ ಸಂಬಂಧ ಮುಗಿಯಿತು. ಫಲಕ್ಕೂ ಗಿಡಕ್ಕೂ ಇರುವ ಸಂಬಂಧ ಕೊಯ್ದ ಮೇಲೆಯೂ ಅಳಿಯುವುದಿಲ್ಲ. ಅತ್ತಿಮಬ್ಬೆ ಬಾಳಿ ತೋರಿಸಿದುದನ್ನು ಹೊನ್ನಮ್ಮ ವಾದವಾಗಿ ಮಂಡಿಸಿದಳೆನ್ನಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಒಳ್ಳೆಯ ಹೆಂಡತಿಯಾಗತಕ್ಕವಳನ್ನು ಸಿದ್ಧಪಡಿಸುವುದಕ್ಕಾಗಿಯೇ ಮಗಳನ್ನು ಆದರಿಸಿರೆಂದು ಆಕೆ ಹೇಳಿದ್ದಲ್ಲವೆ, ಆದ್ದರಿಂದ ತವರಿನ ಪ್ರಸ್ತಾಪವೂ ಕೊನೆಗೆ ಗಂಡನ ಮನೆಯ ಪ್ರಯೋಜನಕ್ಕೇ ಅಲ್ಲವೆ, ಎಂಬುದು ಆ ಆಕ್ಷೇಪ. ಕಾವ್ಯದ ಒಟ್ಟು ಉದ್ದೇಶವನ್ನು ನೋಡಿದರೆ ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಈ ಎರಡು ಪದ್ಯಗಳಲ್ಲಿ ಗಂಡನ ಮಾತೇ ಇಲ್ಲ. ಇರುವವರು ತಾಯಿ, ಮಗ, ತಂದೆ, ಮಗಳು. ಹೆಣ್ಣಿನ ಬೆಲೆಗೆ ಅಲ್ಲಿ ಪ್ರಮಾಣವಾಗಿ ಬಂದುದು ಪಾತಿವ್ರತ್ಯವಲ್ಲ, ಹೆತ್ತು ಸಲಹಿದ ಋಣ ಹಾಗೂ ಸ್ವಂತ ಏಳಿಗೆ. ಪಾತಿವ್ರತ್ಯವನ್ನು ಬೋಧಿಸುವ ಗ್ರಂಥವೊಂದರ ನಡುವೆ, ಅದನ್ನು ಅವಲಂಬಿಸದೆ ನಿಲ್ಲುವ ಹೆಣ್ಣಿನ ಬೆಲೆಯೊಂದನ್ನು ಸ್ಥಾಪಿಸಿದುದೇ ಹೊನ್ನಮ್ಮನ ಸಾಧನೆ. ಕಾವ್ಯದ ಉಳಿದ ಬೋಧೆ ಹಳತಾದರೂ ಈ ಭಾಗ ಹಳತಾಗದೆ ಉಳಿದುದಕ್ಕೆ ಇದೇ ಕಾರಣ.

೪

ಹೊನ್ನಮ್ಮನ ಕಾಲಕ್ಕೆ ಸಮೀಪದ ಇನ್ನಿಬ್ಬರು ಕವಯಿತ್ರಿಯರನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಇನ್ನೂ ಸ್ಫುಟವಾಗುತ್ತದೆ. ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ‘ವರನಂದೀ ಕಲ್ಯಾಣ’ವನ್ನು ಸಾಂಗತ್ಯದಲ್ಲಿಯೇ ರಚಿಸಿದಳು. ಮೇಲುಕೋಟೆಯ ಚೆಲುವರಾಯನಲ್ಲಿ ಮನಸೋತ ದಿಲ್ಲಿಯ ಬಾದಶಹನ ಮಗಳ ಕಥೆಯದು. ತಂದೆಯ ಅರಮನೆಯನ್ನು ಬಿಟ್ಟು ದೇವರ ಮನೆಯನ್ನು ಸೇರುವ ಕನ್ಯೆಯನ್ನು, ಅರಮನೆಯಲ್ಲಿಯೇ ಬಾಳಿದ ರಾಣಿಯೊಬ್ಬಳು ಕಥಾನಾಯಿಕೆಯನ್ನಾಗಿ ಆರಿಸಿಕೊಂಡುದು ಅರ್ಥಪೂರ್ಣವಾದುದು. ಹೆಳವನಕಟ್ಟೆಯ ಗಿರಿಯಮ್ಮನ ಚರಿತ್ರೆಯಲ್ಲಾದರೋ, ಆಕೆ ಮಲೆಬೆನ್ನೂರಿನ ಮನೆಗೆ ಸೊಸೆಯಾಗಿ ಬಂದು, ಸಂಸಾರಸುಖವನ್ನು ಒಲ್ಲದೆ, ಗಂಡನಿಗೆ ಬೇರೊಂದು ಮದುವೆಯನ್ನು ಮಾಡಿಸಿ, ಹೆಳವನಕಟ್ಟೆಯ ರಂಗನ ಸೇವೆಯಲ್ಲಿ ನಿಂತಳೆಂದು ಸಂಪ್ರದಾಯ ಹೇಳುತ್ತದೆ. ‘ಚಂದ್ರಹಾಸನ ಕಥೆ’ ಮೊದಲಾದ ಆಕೆಯ ಹಾಡುಗಬ್ಬಗಳು ಹೆಂಗಸರ ಬಾಯಲ್ಲಿ ಬಹುಕಾಲ ಬಾಳಿದವು. ಇವರಲ್ಲಿ ಒಬ್ಬಳು ಕಲ್ಪನೆಯಲ್ಲಿ, ಮತ್ತೊಬ್ಬಳು ಬಾಳಿನಲ್ಲಿ, ಗಂಡನ ಮನೆಯನ್ನೂ ತವರನ್ನೂ ಬಿಟ್ಟು ಮೂರನೆಯದೊಂದು ಮನೆಯನ್ನು ಅರಸಿದರು. ಅದು ದೇವರ ಮನೆ. ಮಹಾದೇವಿಯಕ್ಕನ ದಾರಿಯ ಮುಂದುವರಿಕೆಯಿದು. ಹೊನ್ನಮ್ಮ ಮೂರನೆಯ ಮನೆಯನ್ನು ಅರಸಲಿಲ್ಲ; ಇರುವ ಎರಡು ಮನೆಗಳೂ ತಮ್ಮ ಧರ್ಮವನ್ನು ನಡೆಸಲಿ ಎಂದಳು. ಇದು ಸಂಸಾರದಲ್ಲಿ ಉಳಿಯಬೇಕಾದ ಬಹುಮಂದಿ ಹೆಂಗಸರ ಪಕ್ಷ.

ಆ ಬಹುಮಂದಿಯ ದನಿ ಕೇಳಬರುವುದು ಜನಪದ ಗೀತೆಗಳಲ್ಲಿ. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಈ ದನಿಯನ್ನು ವಿದ್ವಲ್ಲೋಕಕ್ಕೆ ಮೊದಲು ಮುಟ್ಟಿಸಿದ ಸಂಗ್ರಹಗಳಲ್ಲಿ ಮುಖ್ಯವಾದುದು. ಕೋಳಿ ಕೂಗುವ ಮೊದಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತವಳ ತ್ರಿಪದಿಗಳಲ್ಲಿ ತವರಿನಷ್ಟು ಮರಳಿ ಮರಳಿ ಬರುವ ವಿಷಯ ಮತ್ತೊಂದಿಲ್ಲ. ನಾಗರ ಪಂಚಮಿಗೆ ಕರೆಯಲು ಅಣ್ಣ ಬರುವನೋ ಎಂಬ ನಿರೀಕ್ಷೆ, ತಾಯಿ ಇಲ್ಲದ ತವರಿನ ಬಿಕೋ ಎನ್ನುವ ಬಾಗಿಲು, ಅಣ್ಣನ ಹೆಂಡತಿಯ ಮುಖದ ಬದಲಾವಣೆ, ಇಷ್ಟಾದರೂ ಆ ಮನೆತನ ಬೆಳೆಯಲೆಂಬ ಹರಕೆ ಇವೆಲ್ಲ ಅಲ್ಲಿ ಉಂಟು. ಈ ಹಾಡುಗಳಲ್ಲಿ ತವರು ಒಂದು ಸ್ಥಳವಾಗಿರುವುದಕ್ಕಿಂತ ಹೆಚ್ಚಾಗಿ ಒಬ್ಬ ವ್ಯಕ್ತಿ. ತಾಯಿಯಿರುವವರೆಗೆ ಅದು ತವರು. ಅವಳು ತೀರಿಕೊಂಡ ಮೇಲೆ ಅದು ಅಣ್ಣನ ಮನೆ. ಹೆಣ್ಣಿನ ಮನೆಗೆ ಹತ್ತುವ ವಿಶೇಷಣ ಹೇಗೆ ಬದಲಾಗುತ್ತ ಹೋಗುವುದೆಂಬುದನ್ನು ಯಾವ ಶಾಸ್ತ್ರಗ್ರಂಥವೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಗರತಿಯ ಹಾಡಿಗೂ ಹೊನ್ನಮ್ಮನ ಸಾಂಗತ್ಯಕ್ಕೂ ಒಂದು ಮುಖ್ಯವಾದ ಭೇದವಿದೆ. ಗರತಿ ಹರಸುತ್ತಾಳೆ, ಹೊನ್ನಮ್ಮ ಪ್ರಶ್ನಿಸುತ್ತಾಳೆ. ತವರಿನಿಂದ ತನಗೆ ಸಲ್ಲಬೇಕಾದುದನ್ನು ಗರತಿ ಪ್ರೀತಿಯೆಂದು ಬೇಡಿದರೆ ಹೊನ್ನಮ್ಮ ಅದನ್ನು ಧರ್ಮವೆಂದು ಕೇಳುತ್ತಾಳೆ. ಪ್ರೀತಿ ಅತ್ತಿಗೆ ಬಂದ ದಿನ ಕಡಮೆಯಾದೀತು, ಧರ್ಮ ಹಾಗಲ್ಲ. ಆದರೆ ಹೊನ್ನಮ್ಮನೂ ಕೇಳಿದುದು ಆದರವನ್ನು ಮಾತ್ರ, ಆಸ್ತಿಯನ್ನಲ್ಲ ಎಂಬುದನ್ನು ಮರೆಯತಕ್ಕದ್ದಲ್ಲ. ತವರಿನ ಹೊಲಮನೆಗಳಲ್ಲಿ ಮಗಳಿಗೂ ಪಾಲಿದೆ ಎಂಬ ಮಾತು ಆಕೆಯ ಕಾವ್ಯದ ಹದ್ದಿನಿಂದ ಆಚೆಯದು.

ಆ ಮಾತು ಕಾವ್ಯದಿಂದಲ್ಲದೆ ಶಾಸನದಿಂದ ಬರಬೇಕಾಯಿತು. ಹೊನ್ನಮ್ಮ ಬಾಳಿದ ಅದೇ ಮೈಸೂರು ಸೀಮೆಯಲ್ಲಿ, ೧೯೩೩ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಜಾರಿಗೆ ಬಂದು ಅವಿಭಕ್ತ ಕುಟುಂಬದ ಸ್ತ್ರೀಯರಿಗೆ ಕೆಲವು ಸಂದರ್ಭಗಳಲ್ಲಿ ಪಾಲನ್ನು ವಿಧಿಸಿತು. ಬ್ರಿಟಿಷ್ ಇಂಡಿಯದಲ್ಲಿ ೧೯೩೭ರ ಕಾನೂನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಇದು ನಡೆಯಿತೆಂಬುದು ಸಂಸ್ಥಾನಕ್ಕೆ ಗೌರವ ತರುವ ಸಂಗತಿ. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನು ತಂದೆಯ ಸ್ವಂತ ಸ್ವತ್ತಿನಲ್ಲಿ ಮಗಳನ್ನು ಮಗನಿಗೆ ಸಮಾನಳನ್ನಾಗಿ ಮಾಡಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಕರ್ನಾಟಕದ ಅವಿವಾಹಿತ ಹೆಣ್ಣುಮಕ್ಕಳಿಗೆ ೧೯೯೪ರ ತಿದ್ದುಪಡಿಯಿಂದಲೂ, ವಿವಾಹಿತೆಯರನ್ನೂ ಒಳಗೊಂಡು ಇಡೀ ದೇಶಕ್ಕೆ ೨೦೦೫ರ ತಿದ್ದುಪಡಿಯಿಂದಲೂ ದೊರೆಯಿತು. ಮಗ ಮಗಳಲ್ಲಿ ಭೇದವೇನೆಂದು ಹೊನ್ನಮ್ಮ ಕೇಳಿದ ಪ್ರಶ್ನೆಗೆ ರಾಜ್ಯಾಂಗ ಪೂರ್ಣವಾದ ಉತ್ತರವನ್ನು ಕೊಡಲು ಮುನ್ನೂರು ವರ್ಷಗಳು ಹಿಡಿದವು.

೫

ಈ ನಡುವೆ ಕನ್ನಡ ಸಾಹಿತ್ಯದಲ್ಲಿ ತವರುಮನೆಗೆ ಒಂದು ಹೊಸ ಅರ್ಥ ಬಂದುದನ್ನು ಹೇಳದೆ ಈ ವಿಚಾರವನ್ನು ಮುಗಿಸುವುದು ಸರಿಯಲ್ಲ. ನಂಜನಗೂಡು ತಿರುಮಲಾಂಬ (೧೮೮೭–೧೯೮೨) ಅವರು ಬಾಲ್ಯದಲ್ಲಿಯೇ ಮದುವೆಯಾಗಿ, ಸಂಸಾರವೆಂದರೇನೆಂದು ಅರಿಯುವ ಮೊದಲೇ ವಿಧವೆಯಾಗಿ, ತಂದೆಯ ಆಶ್ರಯದಲ್ಲಿ ಉಳಿದವರು. ಹಳೆಯ ಲೆಕ್ಕದಲ್ಲಿ ಹೀಗೆ ಮರಳಿ ಬಂದ ಮಗಳಿಗೆ ತವರಿನಲ್ಲಿ ಒಂದು ಮೂಲೆಯೇ ಗತಿ. ಆದರೆ ವಕೀಲರಾಗಿದ್ದ ತಂದೆ ಮಗಳ ಕೈಗೆ ಪುಸ್ತಕಗಳನ್ನು ಕೊಟ್ಟರು. ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ರಚಿಸಿದ ‘ಸುಶೀಲೆ’ ಎಂಬ ಕಾದಂಬರಿಯನ್ನು ಅದರಲ್ಲಿ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದ ಮೊದಲ ಲೇಖಕಿ, ಪ್ರಕಾಶಕಿ, ಪತ್ರಿಕಾಸಂಪಾದಕಿಯೆಂಬ ಗೌರವಗಳೆಲ್ಲ ಅವರಿಗೆ ಸಲ್ಲುತ್ತವೆ. ಅವರಂತೆಯೇ ಎಳವೆಯಲ್ಲಿ ವೈಧವ್ಯವನ್ನು ಕಂಡ ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ಸ್ಥಾಪಿಸಿ ದೀರ್ಘಕಾಲ ನಡೆಸಿದರು.

ತಿರುಮಲಾಂಬ ಅವರ ಬರಹವನ್ನು ಓದುವಾಗಲೂ ಹೊನ್ನಮ್ಮನ ವಿಷಯದಲ್ಲಿ ಉಂಟಾಗುವ ಇಕ್ಕಟ್ಟೇ ತಲೆದೋರುತ್ತದೆ. ಗ್ರಂಥಮಾಲೆಯ ಹೆಸರೇ ಸತಿಯರ ಹಿತವನ್ನು ಉದ್ಘೋಷಿಸುತ್ತದೆ. ಕಥೆಗಳು ಆದರ್ಶಗೃಹಿಣಿಯನ್ನು ಎತ್ತಿಹಿಡಿಯುತ್ತವೆ. ಹಳೆಯ ಧರ್ಮವನ್ನೇ ಹೊಸ ಗದ್ಯದಲ್ಲಿ ಬೋಧಿಸಿದರೆಂದು ದೂರುವುದು ಸುಲಭ. ಆದರೆ ಬೋಧೆಯೊಡನೆ ಬೋಧಕಿಯನ್ನೂ ನೋಡಬೇಕು. ಗಂಡನ ಮನೆಯೇ ಹೆಣ್ಣಿನ ಮನೆಯೆಂದು ಬರೆದ ಲೇಖನಿ ಗಂಡನ ಮನೆಯೇ ಇಲ್ಲದವರ ಕೈಯಲ್ಲಿತ್ತು. ಅವರ ಬರವಣಿಗೆ ನಡೆದುದು ತವರಿನಲ್ಲಿ. ಓಲೆಯ ಪ್ರತಿಗಳಿಗೆ ಬದಲಾಗಿ ಅಚ್ಚಿನ ಪ್ರತಿಗಳು ಅಲ್ಲಿಂದ ಹೊರಟವು. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ತಂದೆಯ ಗ್ರಂಥವನ್ನು ಸಾವಿರ ಪ್ರತಿ ಮಾಡಿದಳು; ಇವರು ತಂದೆಯ ಮನೆಯಲ್ಲಿ ತಮ್ಮದೇ ಗ್ರಂಥಗಳನ್ನು ಅಚ್ಚುಮಾಡಿಸಿದರು. ಮಗಳು ಏಳಿಗೆಗೊಂಡರೆ ಕುಂದೇನೆಂದು ಹೊನ್ನಮ್ಮ ಕೇಳಿದುದಕ್ಕೆ ಆ ತಂದೆ ತಮ್ಮ ನಡೆವಳಿಕೆಯಿಂದಲೇ ಉತ್ತರ ಕೊಟ್ಟರು.

ಈ ಸಂಗತಿಗಳನ್ನೆಲ್ಲ ಪರ್ಯಾಲೋಚಿಸಿದಾಗ ಒಂದು ಅಂಶ ನಿಶ್ಚಿತವಾಗುತ್ತದೆ. ಕನ್ನಡದ ಲೇಖಕಿಯರನ್ನು ಮನೆಯನ್ನು ತೊರೆದವರು, ಮನೆಗೆ ಶರಣಾದವರು ಎಂದು ಎರಡು ಪಂಗಡಗಳಾಗಿ ಒಡೆದು, ಮೊದಲಿನವರನ್ನು ಧೀರೆಯರೆಂದೂ ಉಳಿದವರನ್ನು ವಿಧೇಯೆಯರೆಂದೂ ಕರೆಯುವ ವಾಡಿಕೆ ಸಾಹಿತ್ಯಚರಿತ್ರೆಗೆ ಉಪಕಾರಿಯಲ್ಲ. ಮನೆಯಲ್ಲಿ ಉಳಿದು, ಆ ಮನೆಯ ಮೇಲೆ ತನಗಿರುವ ಹಕ್ಕೇನು, ತನ್ನ ವ್ಯಕ್ತಿತ್ವಕ್ಕೆ ಅಲ್ಲಿ ಸಲ್ಲಬೇಕಾದ ಬೆಲೆಯೇನು ಎಂದು ಕೇಳಿದವರ ಪಂಕ್ತಿಯೊಂದು ಇವೆರಡರ ನಡುವೆ ಇದೆ. ಲಕ್ಕಮ್ಮ ಅದನ್ನು ಗಂಡನಿಗೆ ಕೇಳಿದಳು. ಗರತಿ ಬೀಸುವ ಕಲ್ಲಿಗೆ ಹೇಳಿಕೊಂಡಳು. ಹೊನ್ನಮ್ಮ ಹೆತ್ತವರನ್ನು ಕೇಳಿದಳು. ‘ಹದಿಬದೆಯ ಧರ್ಮ’ವನ್ನು ಪಾಠ ಹೇಳುವ ಉಪಾಧ್ಯಾಯರು ಆ ಎರಡು ಪದ್ಯಗಳನ್ನು ಕಾವ್ಯದಿಂದ ಬೇರ್ಪಡಿಸಿ ಸುಭಾಷಿತಗಳೆಂದು ಬಾಯಿಪಾಠ ಮಾಡಿಸುವುದಕ್ಕಿಂತ, ವಿಧೇಯತೆಯ ಬೋಧೆಯ ನಡುವೆಯೇ ಅವು ಹೇಗೆ ತಲೆಯೆತ್ತಿ ನಿಂತಿವೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಮೇಲು. ಒಡತಿಯ ಮನೆಯಲ್ಲಿ ಸಂಚಿ ಹಿಡಿದು ನಿಂತವಳು, ತನ್ನ ಹೆಸರಿನಲ್ಲಿ ಯಾವ ಮನೆಯೂ ಇಲ್ಲದಿದ್ದರೂ, ನಾಡಿನ ತಂದೆತಾಯಿಗಳೆಲ್ಲರನ್ನೂ ಕರೆದು ಲೆಕ್ಕ ಕೇಳಿದಳೆಂಬುದು ಆಗ ಅವರಿಗೆ ಮನವರಿಕೆಯಾದೀತು.